ಸೋಲಾರ ಬಂತು, ಏನೇನು ಸುಡೂದು ನಿಂತಿತು

ಹೋದ ತಿಂಗಳ ಭಿಶಿ ದಿವಸ ನಮ್ಮ ಓಣಿ ವೈನಿಯೊಬ್ಬರು ಕೇಳಿದ್ರು, “ಇನ್ನೂರ ಯುನಿಟ್ ಫ್ರೀ ಐತಿ. ಮತ್ತ ಮಾಳಿಗಿ ಮ್ಯಾಲೆ ಲಕ್ಷಗಟ್ಟಲೆ ರೊಕ್ಕ ಯಾಕ ಬಿಸಲಿಗೆ ಇಡಬೇಕ್ರಿ? ಪರಿಸರ ಪರಿಸರ ಅಂತಾರ. ಯಾವ ಪರಿಸರ? ನಮ್ಮ ಹಿತ್ತಲದ್ದೋ, ದಿಲ್ಲಿದೋ?” ಎಲ್ಲಾರೂ ನಕ್ಕರು, ನಾನೂ ನಕ್ಕೆ. ಆದ್ರ ಪ್ರಶ್ನಿ ಛಲೋ ಐತಿ. ಪರಿಸರ ಅನ್ನೂ ಶಬ್ದ ಭಾಷಣದಾಗ ಬೆಳದು ಬೆಳದು ಕೈಗೆ ಸಿಗದಂಗ ಆಗೈತಿ. ಅದಕ್ಕ ನಾನು ಅದನ್ನ ಸಣ್ಣದು ಮಾಡಿ ಕೇಳಕೋತೀನಿ: ಸೋಲಾರ ಬರೂಕಿಂತ ಮೊದಲು ಆ ಬೆಳಕಿಗೆ, ಆ ಬಿಸಿನೀರಿಗೆ ಏನ ಸುಡತಿತ್ತು? ಎಲ್ಲೆ ಸುಡತಿತ್ತು? ಹೊಗಿ ಯಾರ ಮೂಗಿನ್ಯಾಗ ಹೋಗತಿತ್ತು, ಬೂದಿ ಯಾರ ಊರಾಗ ಬೀಳತಿತ್ತು? ಹಿಂಗ ಕೇಳಿದ್ರ ಮನಿ ಸೋಲಾರದ ಇತಿಹಾಸ ಅಡಗಿಮನಿಯಿಂದನ ಚಾಲೂ ಆಗತೈತಿ.

ಮೊದಲ ಚಿಮಣಿ ಸುದ್ದಿ. ನಮ್ಮ ಕಡೆ ಚಿಮಣಿ ಅಂದ್ರ ಗೊತ್ತಲ್ಲ, ಔಷಧದ ಬಾಟ್ಲಿ ಮುಚ್ಚಳಕ್ಕ ತೂತ ಹೊಡದು, ಅರಬಿ ಬತ್ತಿ ಹಾಕಿ, ಸೀಮಿ ಎಣ್ಣಿ ತುಂಬಿದ ದೀಪ. ಅದಕ್ಕೂ ಹಿಂದ ಔಡಲ ಎಣ್ಣಿ, ಹೊಂಗಿ ಎಣ್ಣಿ ದೀಪ. ಹತ್ತೊಂಬತ್ತನೇ ಶತಮಾನದ ಕೊನಿ ಭಾಗದಾಗ ಅಮೆರಿಕಾದಿಂದ, ರಷ್ಯಾದಿಂದ ಹಡಗಿನ್ಯಾಗ ತಗಡಿನ ಡಬ್ಬಿ ತುಂಬಿ ಸೀಮಿ ಎಣ್ಣಿ ಬರಾಕ ಹತ್ತಿತು. ಅದು ಸೋವಿ ಇತ್ತು, ಬೆಳಕೂ ಹೆಚ್ಚಿತ್ತು. ಹಿಂಗಾಗಿ ಊರ ಗಾಣದ ಎಣ್ಣಿ ದೇವರ ಮನಿಗೆ ಉಳೀತು, ಉಳಿದ ಮನಿಯೆಲ್ಲಾ ಸೀಮಿ ಎಣ್ಣಿಗೆ ಹೋತು. ಡಬ್ಬಿ ಸುದ್ದಾ ಬಿಡಲಿಲ್ಲ ನಮ್ಮ ಮಂದಿ. ನೀರ ತರಾಕ, ಜ್ವಾಳ ಅಳಿಯಾಕ, ಕಡೀಕ ಗುಡಸಲ ಬಾಗಲಕ್ಕೂ ಅದೇ ತಗಡು.

ಕಲಘಟಗಿ ಕಡೆ ನಮ್ಮ ದೊಡ್ಡವ್ವನ ಮನ್ಯಾಗ ನಾನು ಸಣ್ಣಾಕಿದ್ದಾಗ ಸೂಟಿಗೆ ಹೋಗತಿದ್ದೆ. ಸಂಜಿ ಆತಂದ್ರ ಕಂದೀಲ ಗಾಜು ಒರಸೂ ಕೆಲಸ ಹುಡಿಗ್ಯಾರದು. ಯಾಕಂದ್ರ ನಮ್ಮ ಕೈ ಸಣ್ಣು, ಗಾಜಿನೊಳಗ ಹೋಗತಿದ್ದುವು. ಒಲಿ ಬೂದಿ ಹಚ್ಚಿ, ಹಳೇ ಅರಬಿಲೆ ತಿಕ್ಕಬೇಕು. ಎಷ್ಟ ತಿಕ್ಕಿದ್ರೂ ಮರುದಿವಸ ಮತ್ತ ಅಷ್ಟ ಮಸಿ. ಚಿಮಣಿ ಇಡೂ ಗ್ವಾಡಿ ಗೂಡಂತೂ ಕರ್ರಗ ಡಾಂಬರ ಬಳದಂಗ. ಮುಂಜಾನೆ ಎದ್ದು ಮೂಗ ಸೀನಿದ್ರ ಕರೀದ ಬರತಿತ್ತು. ಅದನ್ನ ಯಾರೂ ರೋಗ ಅಂತ ಅನಲಿಲ್ಲ, ಪರಿಸರ ಅಂತೂ ಅನಲೇ ಇಲ್ಲ. ಮನಿ ಅಂದ್ರ ಹಂಗ ಅಂತ ತಿಳಕೊಂಡಿದ್ವಿ.

ಆ ಮಸಿ ಲೆಕ್ಕ ಮುಂದ ಭಾಳ ವರ್ಷದ ಮ್ಯಾಲೆ ವಿಜ್ಞಾನಿಗಳು ತಗದ್ರು. 2012ರಾಗ ಬಂದ ಒಂದು ಅಧ್ಯಯನದಾಗ ಇಂಥ ಸಾದಾ ಬತ್ತಿ ದೀಪ ಸುಡೂ ಸೀಮಿ ಎಣ್ಣಿಯೊಳಗ ತೂಕದ ಲೆಕ್ಕದಲೆ ನೂರಕ್ಕ 7ರಿಂದ 9 ಭಾಗ ಮಸಿ ಆಗಿ ಗಾಳಿ ಸೇರತೈತಿ ಅಂತ ಕಂಡು ಬಂತು. ಮೊದಲ ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಈ ಕರೀ ಮಸಿ ಗಾಳಿಯೊಳಗ ಕೆಲವ ದಿವಸ ಅಷ್ಟ ಇರತೈತಿ, ಆದ್ರ ಇರೂತನಕ ಬಿಸಲಿನ ಕಾವು ಭಾಳ ಹೀರತೈತಿ. ಅಂದ್ರ ದೊಡ್ಡವ್ವನ ಗ್ವಾಡಿ ಗೂಡಿನ ಮಸಿಗೂ ಭೂಮಿ ಕಾಯೂದಕ್ಕೂ ಸಂಬಂಧ ಇತ್ತು. ಇನ್ನ ಹೊಗಿ ಲೆಕ್ಕ: ಒಂದ ಲೀಟರ ಸೀಮಿ ಎಣ್ಣಿ ಸುಟ್ಟರ ಎರಡೂವರಿ ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗತೈತಿ. ರೇಷನ್ ಅಂಗಡಿ ನೀಲಿ ಎಣ್ಣಿ ತಿಂಗಳಿಗೆ 4 ಲೀಟರ ಸುಡೂ ಮನಿ ಅಂತ ಹಿಡೀರಿ, ವರ್ಷಕ್ಕ 120 ಕಿಲೋ. ಒಂದ ಮನಿಗೆ ಇದು ಸಣ್ಣದ ಅನಸತೈತಿ. ಆದ್ರ 2001ರ ಜನಗಣತಿ ಪ್ರಕಾರ ದೇಶದಾಗ ನೂರಕ್ಕ 43 ಮನಿ ಸೀಮಿ ಎಣ್ಣಿ ದೀಪದಾಗನ ಇದ್ದುವು. 2011ಕ್ಕೂ ನೂರಕ್ಕ 31.

ಕರೆಂಟ್ ಇರಲಿಲ್ಲೇನು ಅಂತ ಕೇಳಬಹುದು. ಇತ್ತು, ಆದ್ರ ಎಲ್ಲಿಗೆ ಹೋತು ಅನ್ನೂದ ನೋಡಬೇಕು. 1902ರಾಗ ಶಿವನಸಮುದ್ರದಾಗ ಕಾವೇರಿ ನೀರಿನಿಂದ ಮಾಡಿದ ಕರೆಂಟು ಮೊದಲ ಹೋಗಿದ್ದು ಕೋಲಾರದ ಬಂಗಾರದ ಗಣಿಗೆ. ಬೆಂಗಳೂರ ಬೀದಿಗೆ ದೀಪ ಹತ್ತಿದ್ದು 1905ರಾಗ. ನಾವು ಆಗ ಮುಂಬೈ ಪ್ರಾಂತದವರು, ನಮ್ಮ ಸರದಿ ಎಷ್ಟೋ ತಡಾ. ಆಮ್ಯಾಲೆ ಶರಾವತಿ ಬಂತು, 1964ರಾಗ ಲಿಂಗನಮಕ್ಕಿ ಆಣೆಕಟ್ಟು ಆತು, ಊರು ಮುಳುಗಿದುವು, ಕಾಡ ಮುಳುಗಿತು. ನಮಗ ಹತ್ತಿರದ್ದಂದ್ರ ಕಾಳಿ ನದಿ ಸೂಪಾ ಆಣೆಕಟ್ಟು. ಸೂಪಾ ಅನ್ನೂ ಊರ ನೀರಿನ ಬುಡಕ ಹೋತು, ಮಂದೀನ್ನ ರಾಮನಗರಕ್ಕ ತಂದು ಇಟ್ಟರು. ತಾಲೂಕಿನ ಹೆಸರೂ ಹೋಗಿ ಜೋಯಿಡಾ ಆತು. ಮತ್ತ ನೋಡ್ರಿ, ದೀಪದ ಬುಡಕ ಕತ್ತಲಿ ಅಂತಾರಲ್ಲ, ಅದು ಗಾದಿ ಅಲ್ಲ, ಜೋಯಿಡಾದ ಕಾಡಿನ ಊರುಗಳ ಖರೇ ಸ್ಥಿತಿ. ಅವರ ನದಿ ಕರೆಂಟು ಹುಬ್ಬಳ್ಳಿ, ಬೆಂಗಳೂರಿಗೆ ಹರೀತು, ಅವರ ಮನ್ಯಾಗ ಚಿಮಣಿ ಹಂಗ ಉಳೀತು. ಅಲ್ಲೊಂದ ಮನಿ, ಇಲ್ಲೊಂದ ಮನಿ ಇರೂ ಕಾಡಿನ್ಯಾಗ ಕಂಬ ಹಾಕಬೇಕಂದ್ರ ದಾರಿಗುಂಟ ಮರ ಕಡೀಬೇಕು, ಅರಣ್ಯ ಇಲಾಖೆ ಪರವಾನಗಿ ಬೇಕು, ಮಳಿಗಾಲದಾಗ ತಂತಿ ಮ್ಯಾಲೆ ಟೊಂಗಿ ಬಿದ್ದರ ವಾರಗಟ್ಟಲೆ ಯಾರೂ ಬರೂದಿಲ್ಲ. ಇಂಥಲ್ಲೆ ಹಂಚಿನ ಮ್ಯಾಲೆ ಒಂದ ಸಣ್ಣ ಪ್ಯಾನಲ್ ಕುಂತರ ಒಂದ ಮರಾನೂ ಕಡಿಯೂ ಕೆಲಸ ಇಲ್ಲ. ಸೋಲಾರದ ಪರಿಸರ ಲಾಭ ಅಂತ ಬರಿಯೋರು ಇದನ್ನ ಯಾಕೋ ಬಿಟ್ಟ ಬಿಡತಾರ. ನನಗ ಇದ ಎಲ್ಲಾದಕ್ಕಿಂತ ಕಣ್ಣಿಗೆ ಕಾಣೂ ಲಾಭ ಅನಸತೈತಿ.

ಪ್ಯಾನಲ್ ಹುಟ್ಟಿದ ಕಥಿ ಲಗೂನ ಹೇಳಿ ಮುಗಸತೀನಿ. ಬೆಳಕು ಬಿದ್ದರ ಕರೆಂಟ್ ಹುಟ್ಟತೈತಿ ಅಂತ ಫ್ರಾನ್ಸಿನ ಬೆಕರೆಲ್ 1839ರಾಗ ಕಂಡಿದ್ದ. ಕೆಲಸಕ್ಕ ಬರೂವಂಥ ಸಿಲಿಕಾನ್ ಬಿಲ್ಲಿ 1954ರಾಗ ಅಮೆರಿಕಾದ ಬೆಲ್ ಲ್ಯಾಬ್ಸ್‌ನ್ಯಾಗ ಮೂರು ಮಂದಿ, ಚಾಪಿನ್, ಫುಲರ್, ಪಿಯರ್ಸನ್ ಮಾಡಿದ್ರು. ಬಿದ್ದ ಬಿಸಲಿನ್ಯಾಗ ನೂರಕ್ಕ 6 ಭಾಗ ಅಷ್ಟ ಕರೆಂಟಾಗತಿತ್ತು, ರೇಟು ಮಾತ್ರ ಮುಗಲಿಗೆ. ಮುಗಲಿಗೇ ಹೋತೂ ಸೈತ, 1958ರಾಗ ವ್ಯಾನ್‌ಗಾರ್ಡ್ ಉಪಗ್ರಹದ ಮೈಮ್ಯಾಲೆ ಅಂಟಿಸಿ ಕಳಿಸಿದ್ರು. ಭೂಮಿಗೆ ಇಳದು ಬರಾಕ 1973ರ ಎಣ್ಣಿ ತುಟ್ಟಿ ಕಾಲ ಬೇಕಾತು. ನಮ್ಮ ದೇಶದಾಗ ಸರ್ಕಾರಿ ಕಂಪನಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಾಗ ಮೊದಲ ಸೋಲಾರ ಬಿಲ್ಲಿ ಮಾಡಿತು. ಬೆಂಗಳೂರಾಗ 1989ರಾಗ ಟಾಟಾ ಬಿಪಿ ಸೋಲಾರ್ ಕಂಪನಿ ಆತು. ಅಂದ್ರ 90ರ ದಶಕದ ಹೊತ್ತಿಗೆ ಪ್ಯಾನಲ್ ನಮ್ಮ ರಾಜ್ಯದಾಗನ ತಯಾರಾಗತಿತ್ತು. ಹಳ್ಳಿ ಮನಿಗೆ ಮುಟ್ಟಿರಲಿಲ್ಲ, ಅಷ್ಟ.

ಮುಟ್ಟಿಸಿದ ಕಥಿ ಮಾತ್ರ ಸಾವಕಾಶ ಹೇಳತೀನಿ, ಯಾಕಂದ್ರ ಅದರಾಗ ನಮ್ಮ ಧಾರವಾಡದ್ದೂ ಪಾಲು ಐತಿ.

ಹರೀಶ ಹಂದೆ ಅಂತ, ಹೆಸರ ಕೇಳಿರಬೇಕು ನೀವು, ಖರಗಪುರದ ಐಐಟಿಯಾಗ ಕಲತು ಅಮೆರಿಕಾಕ್ಕ ಸೋಲಾರ ಬಗ್ಗೆ ಡಾಕ್ಟರೇಟ್ ಮಾಡಾಕ ಹೋಗಿದ್ದರು. ದೊಡ್ಡ ದೊಡ್ಡ ಸೋಲಾರ ಘಟಕದ ಮ್ಯಾಲೆ ಓದತಿದ್ದವರು ಡೊಮಿನಿಕನ್ ರಿಪಬ್ಲಿಕ್ ಅನ್ನೂ ಸಣ್ಣ ದೇಶಕ್ಕ ಹೋದಾಗ ಬಡವರ ಮನಿ ಮ್ಯಾಲೆ ಸಣ್ಣ ಸಣ್ಣ ಪ್ಯಾನಲ್ ಕಂಡ್ರು. ಮಂದಿ ಅದಕ್ಕ ರೊಕ್ಕನೂ ಕೊಡತಿದ್ದರು. ಅದನ್ನ ನೋಡಿ ಓದಿನ ದಿಕ್ಕನ್ನ ಬದಲ ಮಾಡಿದ್ರು. 1995ರಾಗ ನೆವಿಲ್ ವಿಲಿಯಮ್ಸ್ ಅನ್ನೂ ಅಮೆರಿಕಾದವರ ಜೋಡಿ ಸೆಲ್ಕೋ ಅಂತ ಕಂಪನಿ ಕಟ್ಟಿದ್ರು. 2011ರಾಗ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಅದು ಆಮ್ಯಾಲಿನ ಮಾತು.

ಆಗ ಅಡಚಣಿ ಪ್ಯಾನಲ್‌ದಲ್ಲ, ರೊಕ್ಕದ್ದು. ನಾಕ ದೀಪದ ಒಂದ ಸೆಟ್ಟಿಗೆ ಹದಿನೈದು-ಹದಿನೆಂಟ ಸಾವಿರ. ಸೀಮಿ ಎಣ್ಣಿಗೆ ವಾರಕ್ಕ ಹತ್ತಿಪ್ಪತ್ತು ಹಾಕೂ ಮನಿ ಒಮ್ಮಿಗೇ ಅಷ್ಟ ಎಲ್ಲಿಂದ ತರಬೇಕು? ಬ್ಯಾಂಕಿಗೆ ಹೋದ್ರ ಅವರು, ಎಮ್ಮಿ ತಗೋರಿ ಸಾಲಾ ಕೊಡತೀವಿ, ಪಂಪಸೆಟ್ ತಗೋರಿ ಕೊಡತೀವಿ, ದೀಪದಿಂದ ಏನ ಗಳಿಕಿ ಐತಿ, ಅನ್ನೂ ಮಂದಿ. ದೀಪದಿಂದ ಗಳಿಕಿ ಇಲ್ಲ ಅನ್ನೂ ಮಾತು ಗಂಡಸರ ಮಾತ್ರ ಆಡಬಹುದು ನೋಡ್ರಿ. ಕತ್ತಲಾದ ಮ್ಯಾಲೆ ಹೊಲಿಗಿ, ಬೀಡಿ, ಸಂಡಗಿ-ಹಪ್ಪಳ, ಹೂವಿನ ಮಾಲಿ, ಇವೆಲ್ಲಾ ಯಾರ ಮಾಡತಿದ್ದರು ಮತ್ತ?

90ರ ದಶಕದಾಗ ಸೋಲಾರ ದೀಪಕ್ಕ ಸಾಲಾ ಕೊಟ್ಟ ಮೊದಮೊದಲ ಬ್ಯಾಂಕಿನ್ಯಾಗ ಒಂದು ನಮ್ಮ ಮಲಪ್ರಭಾ ಗ್ರಾಮೀಣ ಬ್ಯಾಂಕು. ಧಾರವಾಡದಾಗ ಹೆಡ್ ಆಫೀಸು. 2005ರಾಗ ಬ್ಯಾರೆ ಮೂರ ಗ್ರಾಮೀಣ ಬ್ಯಾಂಕಿನ ಜೋಡಿ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆತು, ನಮ್ಮ ಪಾಸಬುಕ್ಕಿನ ಬಣ್ಣ ಬದಲಾದದ್ದು ನೆನಪಿರಬೇಕು. ಇಂಥ ಬ್ಯಾಂಕು ಬಿಸಲಿಗೆ ಸಾಲಾ ಕೊಟ್ಟದ್ದರಿಂದನ ಕಂತಿನ ಹಾದಿ ತೆರೀತು. ಕಂತಿನ್ಯಾಗೂ ಒಂದ ಸೂಕ್ಷ್ಮ ಇತ್ತು. ಕಾಯಿಪಲ್ಯಾ ಮಾರೂ ಹೆಣಮಕ್ಕಳು ತಿಂಗಳಿಗೆ ಮುನ್ನೂರು ಆಗೂದಿಲ್ಲ, ದಿನಕ್ಕ ಹತ್ತ ರೂಪಾಯಿ ಆಗತೈತಿ ಅಂತ ಹೇಳಿದ್ದನ್ನ ಹಂದೆ ಎಷ್ಟೋ ಕಡೆ ಹೇಳ್ಯಾರ. ಲೆಕ್ಕ ಎರಡೂ ಒಂದೇ. ಆದ್ರ ಕೈಯಾಗ ದಿನಾ ರೊಕ್ಕ ಬರೂ ಹೆಣಮಗಳಿಗೆ ಅವೆರಡೂ ಒಂದೇ ಅಲ್ಲ. ಇದನ್ನ ತಿಳಕೊಳ್ಳಾಕ ಡಾಕ್ಟರೇಟ್ ಬೇಕಾಗಿಲ್ಲ, ಭಿಶಿ ನಡಿಸಿದ್ರ ಸಾಕು. 2003ರಾಗ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ, ಸಿಂಡಿಕೇಟ್ ಬ್ಯಾಂಕಿನ ಜೋಡಿ ಕೂಡಿ ಬಡ್ಡಿ ನೂರಕ್ಕ 12ರಿಂದ 5ಕ್ಕ ಇಳಿಸಿದ್ರು. ನಾಕ ವರ್ಷದಾಗ ಹತ್ತಿರ ಹತ್ತಿರ 20,000 ಮನಿಗೆ ದೀಪ ಬಂತು, ಹೆಚ್ಚಿನವು ನಮ್ಮ ರಾಜ್ಯದಾಗನ.

ದೊಡ್ಡವ್ವನ ಮನಿಗೆ ಬಂದಿದ್ದು 1999ರಾಗ, ಭತ್ತ ಮಾರಿದ ರೊಕ್ಕ ಮುಂಗಡ ಕೊಟ್ಟು, ಉಳಿದದ್ದು ಬ್ಯಾಂಕ್ ಸಾಲಾ. ನಾಕ ದೀಪ. ಒಂದ ವಾರ ಮನ್ಯಾಗ ಜಗಳಾದದ್ದು ದೀಪ ಎಲ್ಲೆಲ್ಲೆ ಹಾಕೂದು ಅಂತ. ದೊಡ್ಡಪ್ಪಗ ಪಡಸಾಲ್ಯಾಗ ಒಂದು, ಹೊರಗ ಕಟ್ಟಿ ಮ್ಯಾಲೆ ಒಂದು ಬೇಕು, ಬಂದವರು ನೋಡಬೇಕಲ್ಲ. ದೊಡ್ಡವ್ವ ಮಾತ್ರ “ಅಡಗಿ ಮನ್ಯಾಗ ಒಂದು, ದನದ ಕೊಟ್ಟಿಗ್ಯಾಗ ಒಂದು, ಆಮ್ಯಾಲೆ ನೀವು ಎಲ್ಲೆರೆ ಹಚ್ಚಕೋರಿ” ಅಂದು ಕುಂತ ಬಿಟ್ಟಳು. ಕೊಟ್ಟಿಗ್ಯಾಗ ಯಾಕ ಅಂದ್ರ, ಎಮ್ಮಿ ಈಯೂ ಹೊತ್ತಿನ್ಯಾಗ ಹುಲ್ಲಿನ ಬಣವಿ ಬಾಜೂಕ ಕಂದೀಲ ಹಿಡಕೊಂಡು ನಿಂದ್ರೂ ಅಂಜಿಕಿ ಆಕಿಗೆ ಗೊತ್ತು. ಆಕಿ ಮಾತೇ ನಡೀತು. ಆರ ತಿಂಗಳದಾಗ ಗ್ವಾಡಿ ಗೂಡಿಗೆ ಸುಣ್ಣಾ ಹಚ್ಚಿದ್ರು, ಆ ಸುಣ್ಣಾ ಬೆಳ್ಳಗ ಉಳೀತು.

ಆದ್ರ ಎಲ್ಲಾ ಹೊಗಿ ಹೋತು ಅಂತ ಬರದ್ರ ಸುಳ್ಳ ಆಗತೈತಿ. ಒಲಿ ಹಂಗ ಇತ್ತು. ಸೋಲಾರ ದೀಪ ರೊಟ್ಟಿ ಬೇಯಸೂದಿಲ್ಲ. ಗ್ಯಾಸ್ ಬರೂತನಕ ಅಡಗಿ ಮನ್ಯಾಗ ಹೊಗಿ ಇದ್ದದ್ದ, ಈಗ ಬೆಳಕಿನ್ಯಾಗ ಅದು ಚಂದ ಕಾಣತಿತ್ತು, ಅಷ್ಟ. ಸೀಮಿ ಎಣ್ಣೀನೂ ಪೂರಾ ನಿಲ್ಲಲಿಲ್ಲ, ಒಲಿಗೆ ಹಸೀ ಕಟಗಿ ಹತ್ತಿಸಾಕ ಬೇಕಾಗತಿತ್ತು.

ಕಟಗಿ ಅಂದ ಮ್ಯಾಲೆ ಬಚ್ಚಲ ಹಂಡೆ ಸುದ್ದಿ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗ 1974ರಾಗ ಅಮೂಲ್ಯ ರೆಡ್ಡಿ ಅವರು ‘ಅಸ್ತ್ರ’ ಅಂತ ಒಂದ ವಿಭಾಗ ಕಟ್ಟಿ, ತುಮಕೂರ ಜಿಲ್ಲೆಯ ಉಂಗ್ರಾ ಸುತ್ತಿನ ಹಳ್ಳಿಗಳಾಗ ಒಂದೊಂದ ಮನಿ ಏನೇನು ಸುಡತೈತಿ ಅಂತ ಲೆಕ್ಕ ಹಾಕಿದ್ರು. ದೊಡ್ಡ ದೊಡ್ಡ ಮಂದಿ ಆಗ ಹಳ್ಳಿಗೆ ಶಕ್ತಿ ಅಂದ್ರ ಪಂಪಸೆಟ್, ಕರೆಂಟು ಅಂತ ತಿಳಕೊಂಡಿದ್ದರು. ಇವರ ಲೆಕ್ಕದಾಗ ಬಂದದ್ದು ಬ್ಯಾರೆ. ಹಳ್ಳಿಯ ಶಕ್ತಿ ಬಹುಪಾಲು ಉರುವಲ ಕಟಗಿ, ಅದು ಹೋಗೂದು ಅಡಗಿಗೆ ಮತ್ತ ಸ್ನಾನದ ನೀರಿಗೆ, ಅದನ್ನ ಹೊತ್ತ ತರೂ ಶಕ್ತಿ ಹೆಣಮಕ್ಕಳು, ಸಣ್ಣ ಹುಡಗೂರು. ಹೆಣಮಕ್ಕಳ ದುಡಿಮಿಯೂ ಶಕ್ತಿ ಲೆಕ್ಕದ ಪುಸ್ತಕದಾಗ ಬರಬೇಕು ಅಂತ ಕುಂತ ಬರದವರು ಅವರು. ಹೊಗಿ ಕಡಿಮಿ ಇರೂ ಅಸ್ತ್ರ ಒಲಿ ಹುಟ್ಟಿದ್ದೂ ಅಲ್ಲಿಂದನ.

ಸ್ನಾನದ ನೀರಿಗೆ ಕಟಗಿ ಸುಡೂದು ಎಷ್ಟ ದೊಡ್ಡದು ಅಂತ ಹಂಡೆ ಒಲಿ ಮುಂದ ಕುಂತವರಿಗೆ ಹೇಳೂದ ಬ್ಯಾಡ. ಹತ್ತಿ ಕಟಗಿ, ತೊಗರಿ ಕಟಗಿ, ಕುಳ್ಳು, ಏನ ಹಾಕಿದ್ರೂ ಬಕಾಸುರನಂಗ ನುಂಗತಿತ್ತು. ಊರಾಗ ಕಟಗಿ ಹೋಗಿ ಪಟ್ಟಣದಾಗ ಗೀಜರ್ ಬಂತು, ಅದು ಕರೆಂಟ್ ನುಂಗಾಕ ಹತ್ತಿತು. ಇಲ್ಲಿ ಸೋಲಾರ ವಾಟರ್ ಹೀಟರ್ ಮಾಡಿದ ಕೆಲಸ ಭಾಳ ಗದ್ದಲ ಇಲ್ಲದ್ದು. ಅದರಾಗ ಸಿಲಿಕಾನ್ ಇಲ್ಲ, ಬ್ಯಾಟರಿ ಇಲ್ಲ. ಕರೀ ಕೊಳವಿ, ಗಾಜು, ದಪ್ಪ ಹೊದಿಕಿ ಹಾಕಿದ ಟ್ಯಾಂಕು, ಬಿಸಿನೀರ ತಾನ ಮ್ಯಾಲೆ ಏರತೈತಿ, ತಣ್ಣೀರ ಕೆಳಗ ಇಳಿತೈತಿ. ಹಂಡೆ ಒಲಿಗಿಂತ ಸಾದಾ ಯಂತ್ರ. ನಮ್ಮ ರಾಜ್ಯದಾಗ ದೊಡ್ಡ ಹೊಸ ಮನಿಗೆ ಇದು ಕಡ್ಡಾಯ ಆತು, ಬಿಲ್ಲಿನ್ಯಾಗ ಯುನಿಟ್‌ಗೆ 50 ಪೈಸೆ ಲೆಕ್ಕದಲೆ ತಿಂಗಳಿಗೆ 50 ರೂಪಾಯಿ ತನಕ ಸೂಟ್ ಕೊಟ್ಟರು. ನೂರ ಲೀಟರಿನ ಒಂದ ಹೀಟರ್ ವರ್ಷಕ್ಕ 1,500 ಯುನಿಟ್ ತನಕ ಉಳಸತೈತಿ ಅಂತ ಕೇಂದ್ರ ಸರ್ಕಾರದ ಲೆಕ್ಕ. ರೊಕ್ಕಕ್ಕ ಹೋಲಿಸಿದ್ರ ಪರಿಸರಕ್ಕ ಇದರಷ್ಟು ಸೋವಿ ಉಪಕಾರ ಮಾಳಿಗಿ ಮ್ಯಾಲೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹಂಗಿದ್ದೂ ಪೇಪರಿನ್ಯಾಗ ಹೆಸರು ಬರೂದು ಪ್ಯಾನಲ್‌ದ್ದ.

ಯುನಿಟ್ ಉಳೀತು ಅಂದ್ರ ಏನ ಉಳೀತು? ಈಗ ವೈನಿ ಪ್ರಶ್ನಿಗೆ ಬಂದ್ವಿ.

ನೀರಿನ ಕರೆಂಟು ಸಾಲಲಿಲ್ಲ. 1985ರಾಗ ರಾಯಚೂರ ಹತ್ತಿರ ಶಕ್ತಿನಗರದಾಗ ಕೃಷ್ಣಾ ದಂಡಿ ಮ್ಯಾಲೆ ಕಲ್ಲಿದ್ದಲಿನ ಕರೆಂಟ್ ಚಾಲೂ ಆತು. ಈಗ ಅದು ಎಂಟ ಘಟಕ, 1,720 ಮೆಗಾವಾಟ್. ಆಮ್ಯಾಲೆ ಬಳ್ಳಾರಿ ಕಡೆ ಕುಡತಿನಿ, ವಿಜಯಪುರ ಜಿಲ್ಲೆಯಾಗ ಕೂಡಗಿ, ಇದೊಂದ 2,400 ಮೆಗಾವಾಟ್. ನಮ್ಮ ರಾಜ್ಯದಾಗ ಒಂದ ಹಿಡಿ ಕಲ್ಲಿದ್ದಲಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ, ಮಹಾರಾಷ್ಟ್ರದಿಂದ ರೈಲಿನ್ಯಾಗ ಬರಬೇಕು. ಒಂದ ಯುನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡತೈತಿ. ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಮೂರನೇ ಒಂದ ಪಾಲಕ್ಕಿಂತ ಹೆಚ್ಚು ಬೂದಿನ. ಅಂದ್ರ ಒಂದ ಯುನಿಟ್ ಸುಟ್ಟರ ಒಂದ ದೊಡ್ಡ ಬಟ್ಟಲ ಬೂದಿ ಎಲ್ಲೋ ಬೀಳತೈತಿ. ಒಲಿ ಬೂದಿ ಪಾತ್ರಿ ತಿಕ್ಕಾಕ, ಸಸಿಗೆ ಹಾಕಾಕ ಬರತಿತ್ತು. ಈ ಬೂದಿ ಹಂಗಲ್ಲ. ಒಂದಿಷ್ಟು ಸಿಮೆಂಟಿಗೆ, ಇಟ್ಟಂಗಿಗೆ ಹೋಗತೈತಿ, ಉಳಿದದ್ದನ್ನ ನೀರಾಗ ಕಲಸಿ ಬೂದಿ ಹೊಂಡಕ್ಕ ಬಿಡತಾರ. ಬ್ಯಾಸಗ್ಯಾಗ ಒಣಗಿ ಗಾಳಿ ಎದ್ದರ ಸುತ್ತಿನ ಹೊಲ, ಒಣಗ ಹಾಕಿದ ಅರಬಿ, ಎಲ್ಲಾ ಬೂದಿ.

ನೀರಿನ ಲೆಕ್ಕ ಇನ್ನೂ ಕೇಳ್ರಿ. ಕಲ್ಲಿದ್ದಲ ಘಟಕಕ್ಕ ಉಗಿ ಮಾಡಾಕ, ತಣ್ಣಗ ಮಾಡಾಕ ನೀರ ಬೇಕು. ಹಳೇ ಘಟಕಗಳು ಒಂದ ಯುನಿಟ್‌ಗೆ ಮೂರೂವರಿ ಲೀಟರಕ್ಕಿಂತ ಹೆಚ್ಚು ನೀರ ಬಳಸಬಾರದು ಅಂತ 2015ರಾಗ ಕೇಂದ್ರ ಸರ್ಕಾರ ನಿಯಮ ಮಾಡಿತು. ಅಂದ್ರ ಅಷ್ಟಂತೂ ಬಳಸಬಹುದು. ವಾರಕ್ಕೊಮ್ಮೆ ನಳಾ ಬರೂ ಕಾಲ ಕಂಡ ನಮ್ಮ ಹುಬ್ಬಳ್ಳಿ-ಧಾರವಾಡದ ಹೆಣಮಕ್ಕಳಿಗೆ ಇದು ಲಗೂನ ತಿಳಿತೈತಿ. ತಿಂಗಳಿಗೆ 100 ಯುನಿಟ್ ಸುಟ್ಟರ 350 ಲೀಟರ, ಇಪ್ಪತ್ತ ಕೊಡದ ಮ್ಯಾಲೆ ಕೃಷ್ಣಾ ನೀರು ಉಗಿ ಆಗಿ ಹೋತು ಅಂತ ಲೆಕ್ಕ.

ಈಗ ಮಾಳಿಗಿ ಮ್ಯಾಲೆ 3 ಕಿಲೋವಾಟ್ ಪ್ಯಾನಲ್ ಹಾಕಿದ್ರ ನಮ್ಮ ಬಿಸಲಿಗೆ ದಿನಕ್ಕ ಸರಾಸರಿ 12 ಯುನಿಟ್, ಮಳಿಗಾಲದ ಮ್ವಾಡ ಹಿಡದು ವರ್ಷಕ್ಕ 4,000 ಯುನಿಟ್ ಅನ್ನರಿ. ಅಷ್ಟ ಕರೆಂಟ್ ಕಲ್ಲಿದ್ದಲಿನಿಂದ ಬಂದಿದ್ರ ಎರಡ ಮುಕ್ಕಾಲ ಟನ್ ಕಲ್ಲಿದ್ದಲು, ಹತ್ತಿರ ಹತ್ತಿರ ಒಂದ ಟನ್ ಬೂದಿ, 14,000 ಲೀಟರ ನೀರು, ಸುಮಾರು 4 ಟನ್ ಇಂಗಾಲದ ಹೊಗಿ. ಕಂಪನಿ ಪಾಂಪ್ಲೆಟಿನ್ಯಾಗ ಇದನ್ನ ಇಷ್ಟ ಗಿಡಾ ನೆಟ್ಟಂಗ ಅಂತ ಬರದಿರತಾರ. ನನಗ ಗಿಡದ ಲೆಕ್ಕ ಅಷ್ಟ ತಿಳಿಯೂದಿಲ್ಲ. 900ಕ್ಕ ಮ್ಯಾಲ ಕೊಡ ನೀರು ಅಂದ್ರ ಸೊಂಟಕ್ಕ ತಿಳಿತೈತಿ.

ಫ್ರೀ ಕರೆಂಟಿನ ಮಾತೂ ಇಲ್ಲೇ ಐತಿ. 2023ರಾಗ ಗೃಹಜ್ಯೋತಿ ಬಂದು ಬಿಲ್ಲಿನ ರೊಕ್ಕ ಸರ್ಕಾರ ತುಂಬಾಕ ಹತ್ತಿತು. ಬಡವರ ಮನಿಗೆ ಅದು ದೊಡ್ಡ ಆಸರಾ, ನಾ ಅದರ ವಿರುದ್ಧ ಅಲ್ಲ. ಆದ್ರ ಸೊನ್ನಿ ಬಿಲ್ ಬಂದ ತಿಂಗಳೂ ರಾಯಚೂರಾಗ ಕಲ್ಲಿದ್ದಲು ಉರದೇ ಉರೀತು. ಬಿಲ್ಲಿನ್ಯಾಗ ಬೂದಿ ಕಾಣೂದಿಲ್ಲ, ಮೊದಲೂ ಕಾಣತಿರಲಿಲ್ಲ. ತಿಂಗಳಿಗೆ 60-70 ಯುನಿಟ್ ಸುಡೂ ಮನ್ಯಾಗ ಪ್ಯಾನಲ್ ಹಾಕರಿ ಅಂತ ನಾನು ಯಾರಿಗೂ ಹೇಳೂದಿಲ್ಲ, ರೊಕ್ಕದ ಲೆಕ್ಕಕ್ಕ ಕೂಡೂದಿಲ್ಲ. ಗೀಜರ್, ಎಸಿ, ಮೋಟರ್, ಈಗ ಕರೆಂಟಿನ ಸ್ಕೂಟರ್ ಅಂತ ಇನ್ನೂರ ದಾಟೂ ಮನಿಗಳಿಗೆ ಹೇಳತೀನಿ. 2024ರಾಗ ಬಂದ ಪಿಎಂ ಸೂರ್ಯ ಘರ್ ಯೋಜನಾದಾಗ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಐತಿ. ಒಂದ ಮಾತು ಮೊದಲ ತಿಳಕೋರಿ, ಅಂಗಡಿಯವರು ಎಲ್ಲಾರೂ ಹೇಳೂದಿಲ್ಲ: ಬ್ಯಾಟರಿ ಇಲ್ಲದ ಈ ಹೊಸ ಪದ್ಧತಿಯೊಳಗ ಕರೆಂಟ್ ಹೋದ್ರ ನಿಮ್ಮ ಸೋಲಾರೂ ಬಂದ್. ಕಂಬದ ಮ್ಯಾಲೆ ಕೆಲಸ ಮಾಡೂ ಲೈನಮನ್‌ಗೆ ಶಾಕ್ ಹೊಡೀಬಾರದು ಅಂತ ಹಂಗ ಮಾಡಿರತಾರ.

ರಾತ್ರಿ ಸೋಲಾರ ಇಲ್ಲಲ್ಲ, ಆಗ ಮತ್ತ ಕಲ್ಲಿದ್ದಲ ಅಲ್ಲೇನು ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಹೌದು, ಒಂದಿಷ್ಟು. ಆದ್ರ ನಮ್ಮ ರಾಜ್ಯಕ್ಕ ಒಂದ ಭಾಗ್ಯ ಐತಿ. ಹಗಲಿ ಬಿಸಲಿನ ಕರೆಂಟ್ ಸಿಕ್ಕರ ಶರಾವತಿ, ಕಾಳಿ ನೀರನ್ನ ಆಗ ಬಿಡೂ ಜರೂರ ಇಲ್ಲ, ಹಿಡದ ಇಟ್ಟು ಸಂಜಿಗೆ ದೀಪ ಹತ್ತೂ ಹೊತ್ತಿಗೆ ಬಿಡಬಹುದು. ಬೆಳಿಗ್ಗೆ ಮಾಡಿದ ಅನ್ನ ಇದ್ದರ ರಾತ್ರಿಗೆ ಹಿಟ್ಟ ಉಳದಂಗ. ಆಣೆಕಟ್ಟಿಗಾಗಿ ಊರ ಬಿಟ್ಟವರ ನೀರು ಅದು, ಉಳಿಸಿ ಬಳಸೂದ ಛಲೋ.

ಸೋಲಾರ ಅಂದ ಕೂಡ್ಲೆ ಎಲ್ಲಾ ಪವಿತ್ರ ಅಂತೂ ಅಲ್ಲ. ತುಮಕೂರ ಜಿಲ್ಲೆ ಪಾವಗಡದಾಗ 13,000 ಎಕರೆದಾಗ 2,050 ಮೆಗಾವಾಟಿನ ಸೋಲಾರ ಪಾರ್ಕ್ ಐತಿ. ರೈತರ ಹೊಲ ಗುತ್ತಿಗಿ ಹಿಡದು ಮಾಡಿದ್ದು. ಹೊಲ ಇದ್ದವರಿಗೆ ವರ್ಷಾ ಬಾಡಿಗಿ ಬರತೈತಿ. ಹೊಲಾ ಇಲ್ಲದ, ಕೂಲಿ ಮಾಡೂ ಹೆಣಮಗಳಿಗೆ, ಕುರಿ ಮೇಸೂವರಿಗೆ ಏನ ಬಂತು ಅನ್ನೂ ಪ್ರಶ್ನಿ ಉಳೀತು. ಮನಿ ಮಾಳಿಗಿಗೆ ಈ ಜಗಳಾ ಇಲ್ಲ, ಜಾಗಾ ಆಗಲೇ ನಮ್ಮದ, ಅಲ್ಲಿ ಏನೂ ಬೆಳಿಯೂದಿಲ್ಲ, ಹಪ್ಪಳ ಒಣಗಸಾಕ ಒಂದ ಮೂಲಿ ಬಿಟ್ಟರ ಆತು. ಪ್ಯಾನಲ್ ಮಾಡಾಕೂ ಕರೆಂಟ್ ಬೇಕು, ಮರಳ ಕರಗಿಸಿ ಸಿಲಿಕಾನ್ ತಗಿಯೂ ಕಾರಖಾನಿ ಕಲ್ಲಿದ್ದಲಿನ ಮ್ಯಾಲೆನ ನಡಿತಿರತಾವ. ಆದ್ರ ನಮ್ಮಂಥ ಬಿಸಲಿನ ನಾಡಾಗ ಒಂದ-ಒಂದೂವರಿ ವರ್ಷದಾಗ ಪ್ಯಾನಲ್ ಆ ಸಾಲಾ ತೀರಸತೈತಿ, ಇಪ್ಪತ್ತೈದ ವರ್ಷ ಬಾಳತೈತಿ.

ಖರೇ ಚಿಂತಿ ಬ್ಯಾಟರಿದು. ದೊಡ್ಡವ್ವನ ಮನಿಯಂಥ ಹಳೇ ಸೆಟ್ಟಿನ್ಯಾಗ ಸೀಸ ಮತ್ತ ಆಸಿಡ್ ಇರೂ ಬ್ಯಾಟರಿ, ಐದಾರ ವರ್ಷಕ್ಕ ಸಾಯತೈತಿ. ಡಿಸ್ಟಿಲ್ಡ್ ನೀರ ಹಾಕೂದು, ಪ್ಯಾನಲ್ ಒರಸೂದು, ಬಲ್ಬಿನ ಲೆಕ್ಕ ಇಡೂದು ಎಲ್ಲಾ ದೊಡ್ಡವ್ವನ ಕೆಲಸ ಆಗಿ ಅವರ ಮನಿ ಬ್ಯಾಟರಿ ಒಂಬತ್ತ ವರ್ಷ ನಡೀತು. ಸತ್ತ ಬ್ಯಾಟರಿ ಕೇಳಕೊಂಡು ಗುಜರಿಯವರು ಬರತಾರ, ರೊಕ್ಕಾನೂ ಛಲೋ ಕೊಡತಾರ. ಕೆಲವರು ಆಸಿಡ್ ಗಟಾರಕ್ಕ ಸುರದು, ಸೀಸ ಕರಗಸೂದನ್ನ ಬಯಲಾಗ ಮಾಡತಾರ. ಆ ಹೊಗಿ ಸಣ್ಣ ಹುಡುಗರ ರಕ್ತಕ್ಕ, ಬುದ್ಧಿಗೆ ಕೆಟ್ಟದ್ದು. ಚಿಮಣಿ ಹೊಗಿ ಬಿಡಿಸಿಕೊಂಡು ಇದನ್ನ ಕೊಟ್ಟಂಗ ಆಗತೈತಿ. 2001ರಿಂದನ ನಿಯಮ ಐತಿ, 2022ರಾಗ ಇನ್ನೂ ಬಿಗಿ ಮಾಡ್ಯಾರ: ಹಳೇ ಬ್ಯಾಟರಿ ವಾಪಸ್ ತಗೊಳ್ಳೂದು ಕಂಪನಿ ಜವಾಬ್ದಾರಿ. ಹೊಸಾದ ತಗೊಳ್ಳೂ ಮುಂದ ಹಳೇದ ಅಂಗಡ್ಯಾಗ ಕೊಡರಿ, ಬಿಲ್ಲಿನ್ಯಾಗ ಅದರ ರೊಕ್ಕ ಕಡಿಮಿ ಮಾಡಿಸಿಕೋರಿ. ಗುಜರಿಯವರು ನೂರಿನ್ನೂರ ಹೆಚ್ಚ ಕೊಟ್ಟರೂ ಬ್ಯಾಡ. ಪ್ಯಾನಲ್‌ಗೂ 2023ರಿಂದ ಎಲೆಕ್ಟ್ರಾನಿಕ್ ಕಸದ ನಿಯಮ ಹತ್ತತೈತಿ, ಒಡದದ್ದನ್ನ ತಿಪ್ಪಿಗೆ ಒಗೀಬ್ಯಾಡರಿ.

ದೊಡ್ಡವ್ವನ ಊರಿಗೆ ಈಗ ಕರೆಂಟ್ ಛಲೋ ಬರತೈತಿ, ಮನ್ಯಾಗ ಫ್ರಿಜ್, ಮಿಕ್ಸಿ ಎಲ್ಲಾ ಬಂದಾವ. 1999ರ ಪ್ಯಾನಲ್ ಮಾತ್ರ ಇನ್ನೂ ಹಂಚಿನ ಮ್ಯಾಲೆ ಐತಿ. ಚೌಕಟ್ಟು ಮಾಸೈತಿ, ಒಂದ ಮೂಲಿ ಹಳದಿ ಆಗೈತಿ, ಮೊದಲಿನಷ್ಟು ಕರೆಂಟ್ ಕೊಡೂದಿಲ್ಲ. ಮೂರನೇ ಬ್ಯಾಟರಿ, ಮೊದಲಿನ ಟ್ಯೂಬ್ ತಗದು ಎಲ್ಇಡಿ ಹಾಕ್ಯಾರ. ಅದರ ಒಂದ ದೀಪ ಈಗ ಕೊಟ್ಟಿಗ್ಯಾಗ ಅಷ್ಟ. ಹೋದ ಮಳಿಗಾಲದಾಗ ಎರಡ ದಿವಸ ಲೈಟ್ ಹೋಗಿ ಊರೆಲ್ಲಾ ಕತ್ತಲಿ ಇದ್ದಾಗ ಎಮ್ಮಿ ಈದದ್ದು ಅದರ ಬೆಳಕಿನ್ಯಾಗನ. ಹೆಣ್ಣಗರ.